ಪಾಲ್ ಡಡ್ಲಿ ವೈಟ್

ಪಾಲ್ ಡಡ್ಲಿ ವೈಟ್ (ಜೂನ್ 6, 1886 – ಅಕ್ಟೋಬರ್ 31, 1973) ಅಮೆರಿಕದ ಹೆಸರಾಂತ ಹೃದ್ರೋಗ ತಜ್ಞರು, ಸಂಶೋಧಕರು ಮತ್ತು ವೈದ್ಯಕೀಯ ಲೇಖಕರು. ಹೃದ್ರೋಗ ಚಿಕಿತ್ಸೆಯನ್ನು ವೈದ್ಯವಿಜ್ಞಾನದ ಪ್ರತ್ಯೇಕ ಶಾಖೆಯಾಗಿ ಬೆಳೆಸಿದವರಲ್ಲಿ ಅವರು ಪ್ರಮುಖರು. 1955ರಲ್ಲಿ ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೆ ಚಿಕಿತ್ಸೆಯ ಸಲಹೆ ನೀಡಿದ್ದಲ್ಲದೆ, ಆ ಕಾಯಿಲೆ ಏನೆಂಬುದನ್ನು ಸಾಮಾನ್ಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ ವೈಟ್ ಜಗತ್ತಿನಾದ್ಯಂತ ಪರಿಚಿತರಾದರು. ಹೃದಯಾಘಾತವೆಂದರೆ ಬದುಕಿನ ಕೊನೆ ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ರೋಗಿಗೆ ಸತ್ಯವನ್ನು ತಿಳಿಸಬೇಕು, ಚೇತರಿಸಿಕೊಂಡವರು ದುಡಿಮೆಗೆ ಮರಳಬಹುದು ಮತ್ತು ಈ ಕಾಯಿಲೆಯನ್ನು ಬಹುಮಟ್ಟಿಗೆ ತಡೆಯಲು ಸಾಧ್ಯ ಎಂಬ ಮೂರು ವಿಚಾರಗಳನ್ನು ಅವರು ಜೀವನಪರ್ಯಂತ ಪ್ರತಿಪಾದಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ವೈಟ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ರಾಕ್ಸ್‌ಬರಿಯಲ್ಲಿ ಜನಿಸಿದರು. ಈ ಊರು ಇಂದು ಬಾಸ್ಟನ್ ನಗರದ ಒಂದು ಭಾಗವಾಗಿದೆ. ತಂದೆ ಹರ್ಬರ್ಟ್ ವಾರೆನ್ ವೈಟ್ ಕುಟುಂಬ ವೈದ್ಯರಾಗಿದ್ದರು. ತಾಯಿ ಎಲಿಜಬೆತ್ ಡಡ್ಲಿ. ರಾಕ್ಸ್‌ಬರಿ ಲ್ಯಾಟಿನ್ ಶಾಲೆಯಲ್ಲಿ ಓದಿದ ವೈಟ್, 1908ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವಿಯನ್ನೂ 1911ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ಅನಂತರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದ ಅವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಅಲ್ಲಿಯೇ ಕಳೆದರು.

ಅವರ ತಂಗಿಯೊಬ್ಬಳು ಚಿಕ್ಕ ವಯಸ್ಸಿನಲ್ಲೇ ಸಂಧಿವಾತ ಜ್ವರದಿಂದ ಉಂಟಾಗುವ ಹೃದ್ರೋಗಕ್ಕೆ ಬಲಿಯಾದಳು. ಆ ಕಾಲದ ಬಾಸ್ಟನ್ನಿನಲ್ಲಿ ಮಕ್ಕಳು ಮತ್ತು ಯುವಜನರ ಹೃದಯವನ್ನು ಹೆಚ್ಚಾಗಿ ಹಾಳುಮಾಡುತ್ತಿದ್ದುದು ಇದೇ ಕಾಯಿಲೆ. ಹೃದಯದ ಅಧ್ಯಯನದತ್ತ ವೈಟ್ ಒಲವು ತೋರಲು ಈ ಸಾವೂ ಒಂದು ಕಾರಣವಾಯಿತು.

1913ರಲ್ಲಿ ರೋಜರ್ ಲೀ ಅವರೊಂದಿಗೆ ಸೇರಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಗಾಜಿನ ನಳಿಕೆಗಳಲ್ಲಿ ಅಳೆಯುವ ವಿಧಾನವೊಂದನ್ನು ಅವರು ಪ್ರಕಟಿಸಿದರು. ಲೀ–ವೈಟ್ ವಿಧಾನವೆಂದು ಹೆಸರಾದ ಇದು ಹಲವು ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು.

ಲಂಡನ್ ಅಧ್ಯಯನ ಮತ್ತು ಇಸಿಜಿ

1913–14ರಲ್ಲಿ ಪ್ರವಾಸಿ ವಿದ್ಯಾರ್ಥಿವೇತನ ಪಡೆದು ವೈಟ್ ಲಂಡನ್ನಿಗೆ ತೆರಳಿ, ಸರ್ ಥಾಮಸ್ ಲೂಯಿಸ್ ಅವರ ಬಳಿ ಹೃದಯ ವಿದ್ಯುಲ್ಲೇಖ ತಂತ್ರವನ್ನು, ಅಂದರೆ ಇಂದು ಎಲ್ಲರೂ ಇಸಿಜಿ ಎಂದು ಕರೆಯುವ ಪರೀಕ್ಷೆಯನ್ನು ಕಲಿತರು. ಹೃದಯ ಬಡಿಯುವಾಗ ಉಂಟಾಗುವ ಸೂಕ್ಷ್ಮ ವಿದ್ಯುತ್ತನ್ನು ದಾಖಲಿಸುವ ಈ ಯಂತ್ರವನ್ನು ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್ ಕೆಲವೇ ವರ್ಷಗಳ ಹಿಂದೆ ರೂಪಿಸಿದ್ದರು. ಬಾಸ್ಟನ್ನಿಗೆ ಮರಳಿದ ವೈಟ್ 1914ರಲ್ಲಿ ತಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಸಿಜಿ ಪ್ರಯೋಗಾಲಯವೊಂದನ್ನು ಆರಂಭಿಸಿದರು. ಒಂದೇ ಅಂಗದ ಕಾಯಿಲೆಗೆ ವೈದ್ಯನೊಬ್ಬ ತನ್ನನ್ನು ಸೀಮಿತಗೊಳಿಸಿಕೊಳ್ಳುವುದು ಸರಿಯಲ್ಲವೆಂದು ಅಂದಿನ ಹಿರಿಯ ವೈದ್ಯರಲ್ಲಿ ಅನೇಕರು ಭಾವಿಸಿದ್ದರು.

ಮೊದಲ ಮಹಾಯುದ್ಧದ ಅವಧಿಯಲ್ಲಿ ಅವರು ಫ್ರಾನ್ಸಿನಲ್ಲಿ, ಮೊದಲು ಬ್ರಿಟಿಷ್ ಸೇನೆಯ ಜೊತೆಗೆ, ಅನಂತರ ಬೋರ್ಡೋ ಬಳಿಯ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ ರೆಡ್ ಕ್ರಾಸ್ ಪರವಾಗಿ ಗ್ರೀಸ್‌ನಲ್ಲಿ ಟೈಫಸ್ ಪಿಡುಗಿನ ವಿರುದ್ಧ ಕೆಲಸ ಮಾಡಿದರು. 1924ರಲ್ಲಿ ಅವರು ಐನಾ ಹೆಲೆನ್ ರೀಡ್ ಅವರನ್ನು ವಿವಾಹವಾದರು. ದಂಪತಿ ಇಬ್ಬರು ಮಕ್ಕಳನ್ನು ದತ್ತು ಪಡೆದರು.

ಹೃದ್ರೋಗ ಸಂಶೋಧನೆ

1924ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಂಸ್ಥೆಯನ್ನು ಸ್ಥಾಪಿಸಿದ ಆರು ವೈದ್ಯರಲ್ಲಿ ವೈಟ್ ಒಬ್ಬರು. 1930ರಲ್ಲಿ ಲೂಯಿ ವುಲ್ಫ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ ಅವರೊಂದಿಗೆ ಸೇರಿ 11 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಉಳಿದಂತೆ ಆರೋಗ್ಯವಾಗಿದ್ದ ಈ ಜನರಲ್ಲಿ ಹೃದಯ ಬಡಿತ ಇದ್ದಕ್ಕಿದ್ದಂತೆ ಅತಿ ವೇಗವಾಗುತ್ತಿತ್ತು ಮತ್ತು ಅವರ ಇಸಿಜಿಯಲ್ಲಿ ಒಂದೇ ಬಗೆಯ ವ್ಯತ್ಯಾಸ ಕಾಣುತ್ತಿತ್ತು. ಈ ಸ್ಥಿತಿಯನ್ನು ಇಂದು ವುಲ್ಫ್–ಪಾರ್ಕಿನ್ಸನ್–ವೈಟ್ ಲಕ್ಷಣಾವಳಿ ಎಂದು ಕರೆಯಲಾಗುತ್ತದೆ. 1931ರಲ್ಲಿ ಪ್ರಕಟವಾದ ಅವರ 'ಹಾರ್ಟ್ ಡಿಸೀಸ್' ಎಂಬ ಪಠ್ಯಪುಸ್ತಕ ಹಲವು ಆವೃತ್ತಿಗಳನ್ನು ಕಂಡು, ಒಂದು ಇಡೀ ತಲೆಮಾರಿನ ವೈದ್ಯರಿಗೆ ಆಧಾರಗ್ರಂಥವಾಯಿತು.

ಪರಿಧಮನಿ ಕಾಯಿಲೆಯ ಅಂದಿನ ತಿಳಿವಳಿಕೆ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳಿಗೆ ಪರಿಧಮನಿಗಳು ಅಥವಾ ಕೊರೋನರಿ ರಕ್ತನಾಳಗಳು ಎಂದು ಹೆಸರು. ಇವುಗಳ ಒಳಗೋಡೆಯಲ್ಲಿ ಕೊಬ್ಬಿನಂಶ ಶೇಖರವಾಗಿ ದಾರಿ ಕಿರಿದಾಗುವುದೇ ಪರಿಧಮನಿ ಕಾಯಿಲೆ. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಅದು ಸಿಗದಿದ್ದಾಗ ಎದೆಯಲ್ಲಿ ಬಿಗಿತ ಅಥವಾ ನೋವು ಕಾಣಿಸಿಕೊಂಡು, ವಿಶ್ರಾಂತಿ ಪಡೆದಾಗ ಶಮನವಾಗುತ್ತದೆ. ಶೇಖರವಾದ ಕೊಬ್ಬಿನ ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನಾಳ ಪೂರ್ತಿಯಾಗಿ ಮುಚ್ಚಿಹೋಗಿ, ಅದು ಪೋಷಿಸುತ್ತಿದ್ದ ಸ್ನಾಯುಭಾಗ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಪರಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ರೋಗಿ ಬದುಕುಳಿಯಲೂಬಹುದು ಎಂಬುದನ್ನು ಶಿಕಾಗೊದ ವೈದ್ಯ ಜೇಮ್ಸ್ ಹೆರಿಕ್ 1912ರಲ್ಲಿ ತೋರಿಸಿದ್ದರು. ಆದರೆ ಮುಂದಿನ ನಾಲ್ಕು ದಶಕಗಳ ಕಾಲ ದೀರ್ಘ ವಿಶ್ರಾಂತಿಯೇ ಮುಖ್ಯ ಚಿಕಿತ್ಸೆಯಾಗಿತ್ತು. ರೋಗಿಯನ್ನು ಆರು ವಾರಗಳವರೆಗೆ ಹಾಸಿಗೆಯಲ್ಲಿಯೇ ಮಲಗಿಸಲಾಗುತ್ತಿತ್ತು. ಚೇತರಿಸಿಕೊಂಡವರಿಗೂ ಕೆಲಸ ಬಿಡುವಂತೆ, ಮೆಟ್ಟಿಲು ಹತ್ತದಂತೆ ಸಲಹೆ ನೀಡುವುದು ವಾಡಿಕೆಯಾಗಿತ್ತು. ಅನೇಕ ವೈದ್ಯರು ಕಾಯಿಲೆಯ ಹೆಸರನ್ನೇ ರೋಗಿಯಿಂದ ಮುಚ್ಚಿಡುತ್ತಿದ್ದರು. ದೇಹ ಚೇತರಿಸಿಕೊಂಡ ಮೇಲೂ ಭಯದಿಂದಲೇ ನಿಷ್ಕ್ರಿಯರಾಗಿ ಉಳಿದವರ ಸಂಖ್ಯೆ ದೊಡ್ಡದಾಗಿತ್ತು.

ಈ ಭಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ವೈಟ್ ಪರಿಶೀಲಿಸಿದರು. 1939ರಲ್ಲಿ ಮ್ಯಾಲರಿ ಮತ್ತು ಸಾಲ್ಸೆಡೊ-ಸಾಲ್ಗಾರ್ ಅವರೊಂದಿಗೆ 72 ಪ್ರಕರಣಗಳ ಹೃದಯ ಅಂಗಾಂಶವನ್ನು ಪರೀಕ್ಷಿಸಿ, ಹಾನಿಗೊಂಡ ಸ್ನಾಯು ಎಷ್ಟು ವೇಗವಾಗಿ ಮಾಯುತ್ತದೆ ಎಂಬುದನ್ನು ದಾಖಲಿಸಿದರು. ಸಣ್ಣ ಗಾಯಗಳು ಕೆಲವು ವಾರಗಳಲ್ಲಿಯೂ ದೊಡ್ಡವು ಸುಮಾರು ಎರಡು ತಿಂಗಳಲ್ಲಿಯೂ ಗಟ್ಟಿಯಾದ ಕಲೆಯಾಗಿ ಮಾರ್ಪಡುತ್ತವೆ ಎಂದು ಈ ಅಧ್ಯಯನ ತೋರಿಸಿತು. ಸಹೋದ್ಯೋಗಿ ಎಡ್ವರ್ಡ್ ಬ್ಲಾಂಡ್ ಅವರೊಂದಿಗೆ 1941ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಹೃದಯಾಘಾತಕ್ಕೊಳಗಾದ ರೋಗಿಗಳನ್ನು ಹತ್ತು ವರ್ಷಗಳ ಕಾಲ ಗಮನಿಸಲಾಗಿತ್ತು. ಮೊದಲ ಕೆಲವು ವಾರಗಳನ್ನು ದಾಟಿದವರಲ್ಲಿ ಗಣನೀಯ ಸಂಖ್ಯೆಯ ಜನ ಒಂದು ದಶಕಕ್ಕೂ ಹೆಚ್ಚು ಕಾಲ ಬದುಕಿದ್ದುದು ಅದರಿಂದ ತಿಳಿದುಬಂದಿತು.

1954ರಲ್ಲಿ ಮೆನಾರ್ಡ್ ಗರ್ಟ್ಲರ್ ಅವರೊಂದಿಗೆ ವೈಟ್ ಪ್ರಕಟಿಸಿದ ಗ್ರಂಥವು 40 ವರ್ಷ ತುಂಬುವ ಮೊದಲೇ ಹೃದಯಾಘಾತಕ್ಕೆ ತುತ್ತಾದವರನ್ನು ಕುರಿತದ್ದು. ಈ ರೋಗಿಗಳಲ್ಲಿ ಬಹುತೇಕರು ಪುರುಷರು. ಅವರ ಮೈಕಟ್ಟು, ವಂಶದ ಹಿನ್ನೆಲೆ ಮತ್ತು ರಕ್ತದ ಕೊಲೆಸ್ಟರಾಲ್ ಪ್ರಮಾಣವನ್ನು ಆರೋಗ್ಯವಂತರ ಜೊತೆ ಹೋಲಿಸಿ ನೋಡಲಾಗಿತ್ತು. ಪರಿಧಮನಿ ಕಾಯಿಲೆ ಮುಪ್ಪಿನ ಅನಿವಾರ್ಯ ಫಲವಲ್ಲ, ಅದಕ್ಕೆ ಹುಡುಕಬಹುದಾದ ಕಾರಣಗಳಿವೆ ಎಂಬ ಅವರ ವಾದಕ್ಕೆ ಇದು ಬಲ ನೀಡಿತು.

ಅಧ್ಯಕ್ಷರ ಹೃದಯಾಘಾತ

1955ರ ಸೆಪ್ಟೆಂಬರ್ 23ರಂದು ಅಧ್ಯಕ್ಷ ಐಸೆನ್‌ಹೋವರ್ ಕೊಲೊರಾಡೊದ ಡೆನ್ವರ್ ನಗರದಲ್ಲಿ ರಜೆಯಲ್ಲಿದ್ದು, ದಿನವಿಡೀ ಗಾಲ್ಫ್ ಆಡಿದ್ದರು. ಅಂದು ರಾತ್ರಿ, 24ರ ನಸುಕಿಗೆ ಮುನ್ನ, ಅವರಿಗೆ ತೀವ್ರ ಎದೆನೋವು ಕಾಣಿಸಿಕೊಂಡಿತು. ವೈಯಕ್ತಿಕ ವೈದ್ಯ ಹೋವರ್ಡ್ ಸ್ನೈಡರ್ ಬಂದು ಉಪಚರಿಸಿದರು. ಬೆಳಿಗ್ಗೆ ಪತ್ರಕರ್ತರಿಗೆ ತಿಳಿಸಲಾದುದು ಅಜೀರ್ಣವೆಂದು ಮಾತ್ರ. ಮಧ್ಯಾಹ್ನ ಇಸಿಜಿ ತೆಗೆದಾಗ ಹೃದಯಾಘಾತವೆಂಬುದು ಖಚಿತವಾಗಿ, ಅವರನ್ನು ಫಿಟ್ಸ್‌ಸೈಮನ್ಸ್ ಸೇನಾ ಆಸ್ಪತ್ರೆಗೆ ಸೇರಿಸಲಾಯಿತು. ಮರುದಿನ 69 ವರ್ಷದ ವೈಟ್ ಅವರನ್ನು ಬಾಸ್ಟನ್ನಿನಿಂದ ವಿಮಾನದಲ್ಲಿ ಕರೆಸಲಾಯಿತು.

ಸೋಮವಾರ, ಸೆಪ್ಟೆಂಬರ್ 26ರಂದು, ನ್ಯೂಯಾರ್ಕ್ ಷೇರುಪೇಟೆಯ ಸೂಚ್ಯಂಕ ಒಂದೇ ದಿನದಲ್ಲಿ ಶೇಕಡಾ 6ಕ್ಕಿಂತ ಹೆಚ್ಚು ಕುಸಿಯಿತು. ಅದೇ ದಿನ ಡೆನ್ವರ್‌ನಲ್ಲಿ ವೈಟ್ ಪತ್ರಿಕಾಗೋಷ್ಠಿ ನಡೆಸಿದರು. ಪರಿಧಮನಿ ಎಂದರೇನು, ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಸ್ನಾಯುವಿಗೆ ಆದ ಗಾಯ ಹೇಗೆ ಮಾಯುತ್ತದೆ, ಮುಂದಿನ ಎರಡು ವಾರಗಳಲ್ಲಿ ಯಾವ ತೊಡಕುಗಳು ಎದುರಾಗಬಹುದು ಎಂಬುದನ್ನು ಅವರು ತರಗತಿಯಲ್ಲಿ ಪಾಠ ಹೇಳುವಂತೆ ವಿವರಿಸಿದರು. ಅಧ್ಯಕ್ಷರ ಮಲವಿಸರ್ಜನೆ ಸರಾಗವಾಗಿದೆ ಎಂಬ ವಿವರವನ್ನೂ ಅವರು ಬಿಡಲಿಲ್ಲ. ಅಂದಿನ ಪತ್ರಿಕೆಗಳು ಅದನ್ನು ಮುಜುಗರದಿಂದಲೇ ಅಚ್ಚುಮಾಡಿದವು. ಚೇತರಿಸಿಕೊಳ್ಳುತ್ತಿರುವ ಹೃದ್ರೋಗಿಗೆ ಮಲಬದ್ಧತೆಯಿಂದ ಆಗುವ ಶ್ರಮ ಅಪಾಯಕಾರಿಯಾದ್ದರಿಂದ ವೈದ್ಯರ ದೃಷ್ಟಿಯಲ್ಲಿ ಅದು ಮುಖ್ಯ ಸಂಗತಿಯಾಗಿತ್ತು. ದೇಶದ ನಾಯಕರ ಕಾಯಿಲೆಯನ್ನು ಗುಟ್ಟಾಗಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಇಂತಹ ವಿವರಣೆ ಅಪರೂಪದ್ದಾಗಿತ್ತು.

ಅಧ್ಯಕ್ಷರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಿಯನ್ನು ನೀಡಲಾಯಿತು. ಮೂಲತಃ ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದ ಈ ವಸ್ತು ಔಷಧಿಯಾಗಿ ಜನಪ್ರಿಯವಾಗಲು ಇದೂ ಕಾರಣವಾಯಿತು. ರೋಗಿಯನ್ನು ಹಾಸಿಗೆಗೇ ಕಟ್ಟಿಹಾಕದೆ ಕುರ್ಚಿಯಲ್ಲಿ ಕೂರಿಸುವುದು ಲೇಸೆಂದು ಬಾಸ್ಟನ್ನಿನವರೇ ಆದ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ತೋರಿಸಿದ್ದರು. ಐಸೆನ್‌ಹೋವರ್ ಅವರಿಗೂ ಹಂತಹಂತವಾಗಿ ಕುಳಿತುಕೊಳ್ಳಲು, ನಡೆಯಲು, ಕಡತಗಳನ್ನು ನೋಡಲು ಅವಕಾಶ ನೀಡಲಾಯಿತು. ನವೆಂಬರ್ 11ರಂದು ಅವರು ಆಸ್ಪತ್ರೆಯಿಂದ ಬಿಡುಗಡೆಯಾದರು. 1956ರ ಫೆಬ್ರುವರಿ 14ರಂದು ವೈದ್ಯರ ತಂಡ ತಪಾಸಣೆಯ ಫಲಿತಾಂಶವನ್ನು ಪ್ರಕಟಿಸಿತು. ಇನ್ನೂ ಐದರಿಂದ ಹತ್ತು ವರ್ಷ ಕ್ರಿಯಾಶೀಲರಾಗಿರಲು ಅಧ್ಯಕ್ಷರಿಗೆ ಸಾಧ್ಯವಿದೆ ಎಂದು ವೈಟ್ ಆಗ ಅಭಿಪ್ರಾಯಪಟ್ಟರು. ಅದೇ ತಿಂಗಳು ಐಸೆನ್‌ಹೋವರ್ ಮರುಸ್ಪರ್ಧೆಯನ್ನು ಘೋಷಿಸಿ, ನವೆಂಬರ್‌ನಲ್ಲಿ ಗೆದ್ದು, 1961ರವರೆಗೆ ಅಧಿಕಾರದಲ್ಲಿದ್ದರು. ಅನಂತರ ಮತ್ತೆ ಹಲವು ಬಾರಿ ಹೃದಯಾಘಾತಗಳಾಗಿ, 1969ರ ಮಾರ್ಚ್ 28ರಂದು ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು. ಮೊದಲ ಆಘಾತದ ನಂತರ ಅವರು 13 ವರ್ಷಗಳಿಗೂ ಹೆಚ್ಚು ಕಾಲ ಬದುಕಿದ್ದರು.

ರೋಗ ತಡೆಗಟ್ಟುವಿಕೆ

1948ರಲ್ಲಿ ಅಮೆರಿಕ ಸರ್ಕಾರ ರಾಷ್ಟ್ರೀಯ ಹೃದಯ ಸಂಸ್ಥೆಯನ್ನು ಸ್ಥಾಪಿಸಿದಾಗ ವೈಟ್ ಅದರ ಪ್ರಮುಖ ಸಲಹೆಗಾರರಾದರು. ಅದೇ ವರ್ಷ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವೈದ್ಯರ ಸಂಘವಾಗಿದ್ದುದು ಸಾರ್ವಜನಿಕರಿಗೂ ತೆರೆದ ಸಂಸ್ಥೆಯಾಗಿ ಮಾರ್ಪಟ್ಟಿತು. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಸ್ತ್ರೀಪುರುಷರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಆರಂಭವಾದದ್ದೂ 1948ರಲ್ಲೇ. ಈ ಯೋಜನೆಗೆ ವೈಟ್ ಅವರ ಬೆಂಬಲವಿತ್ತು. ಅಧಿಕ ರಕ್ತದೊತ್ತಡ, ಅಧಿಕ ಕೊಲೆಸ್ಟರಾಲ್, ಧೂಮಪಾನ ಮೊದಲಾದವು ಹೃದಯಾಘಾತದ ಸಂಭವವನ್ನು ಹೆಚ್ಚಿಸುವ ಅಪಾಯಕಾರಿ ಅಂಶಗಳೆಂಬ ಇಂದಿನ ತಿಳಿವಳಿಕೆಗೆ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಮುಖ್ಯ ಆಧಾರ.

ಆಹಾರ ಮತ್ತು ಹೃದ್ರೋಗದ ಸಂಬಂಧವನ್ನು ಅಭ್ಯಸಿಸುತ್ತಿದ್ದ ಆನ್ಸೆಲ್ ಕೀಸ್ ಅವರೊಂದಿಗೆ ವೈಟ್ 1950ರ ದಶಕದಲ್ಲಿ ಇಟಲಿ, ಗ್ರೀಸ್, ಜಪಾನ್ ಮುಂತಾದೆಡೆ ಪ್ರವಾಸ ಮಾಡಿದರು. ಬಾಸ್ಟನ್ನಿನಲ್ಲಿ ಸರ್ವಸಾಮಾನ್ಯವಾಗಿದ್ದ ಕಾಯಿಲೆ ಕೆಲವು ದೇಶಗಳ ದುಡಿಯುವ ಜನರಲ್ಲಿ ವಿರಳವಾಗಿದ್ದುದನ್ನು ಅವರು ಗಮನಿಸಿದರು. ಈ ಪ್ರವಾಸಗಳು ಕೀಸ್ ಅವರ ಏಳು ರಾಷ್ಟ್ರಗಳ ಅಧ್ಯಯನಕ್ಕೆ ಪೂರ್ವಭಾವಿಯಾದವು.

ವೈಟ್ ನೀಡುತ್ತಿದ್ದ ಸಲಹೆಗಳು ಸರಳವಾಗಿದ್ದವು: ಮಿತವಾದ ಊಟ, ತೂಕದ ಮೇಲೆ ನಿಗಾ, ಪ್ರತಿದಿನದ ನಡಿಗೆ, ಸಾಕಷ್ಟು ನಿದ್ರೆ, ಮತ್ತು ಕಾಯಿಲೆಯ ಬಗ್ಗೆ ಅನಗತ್ಯ ಭಯವಿಲ್ಲದಿರುವುದು. ಹೃದಯಾಘಾತದಿಂದ ಚೇತರಿಸಿಕೊಂಡವರೂ ವೈದ್ಯರ ಸಲಹೆಯಂತೆ ಕ್ರಮೇಣ ವ್ಯಾಯಾಮಕ್ಕೆ ತೊಡಗಬೇಕೆಂಬುದು ಅವರ ನಿಲುವು. ಸ್ವತಃ ಅವರು ಇಳಿವಯಸ್ಸಿನಲ್ಲೂ ಬೈಸಿಕಲ್ ತುಳಿಯುತ್ತಿದ್ದರು, ಮರ ಕಡಿಯುತ್ತಿದ್ದರು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ನಗರಗಳಲ್ಲಿ ಬೈಸಿಕಲ್ ಪಥಗಳಿರಬೇಕೆಂದು ಒತ್ತಾಯಿಸಿದರು. ಪ್ರಾಣಿಗಳ ಹೃದಯದ ಬಗ್ಗೆಯೂ ಅವರಿಗೆ ಕುತೂಹಲವಿತ್ತು. ಅಲಾಸ್ಕಾದಲ್ಲಿ ಬೆಲೂಗ ತಿಮಿಂಗಿಲದ ಇಸಿಜಿ ದಾಖಲಿಸಿದ ತಂಡದಲ್ಲಿ ಅವರಿದ್ದರು. 1956ರಲ್ಲಿ ಮೆಕ್ಸಿಕೊ ಕರಾವಳಿಯಲ್ಲಿ ಬೂದು ತಿಮಿಂಗಿಲದ ಹೃದಯ ಬಡಿತ ದಾಖಲಿಸಲು ಪ್ರಯತ್ನಿಸಿದರು.

ವಿಮರ್ಶೆ

ವೈಟ್ ಅವರ ಎಲ್ಲ ಅಭಿಪ್ರಾಯಗಳೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. 1931ರ ತಮ್ಮ ಪಠ್ಯಪುಸ್ತಕದಲ್ಲಿ, ಅಧಿಕ ರಕ್ತದೊತ್ತಡವು ದೇಹ ತಾನಾಗಿ ಮಾಡಿಕೊಂಡ ಹೊಂದಾಣಿಕೆಯಾಗಿರಬಹುದು, ಹಾಗಾಗಿ ಅದನ್ನು ತಗ್ಗಿಸಲು ಹೋಗಬಾರದು ಎಂಬ ಅಂದಿನ ನಂಬಿಕೆಯನ್ನು ಅವರೂ ವ್ಯಕ್ತಪಡಿಸಿದ್ದರು. ಅವರೇ ಬೆಂಬಲಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಮತ್ತು ಮುಂದಿನ ಔಷಧಿ ಪ್ರಯೋಗಗಳು ಈ ನಂಬಿಕೆಯನ್ನು ಸುಳ್ಳಾಗಿಸಿದವು. ಅಂದಿನ ಅಧ್ಯಯನಗಳು ಹೆಚ್ಚಾಗಿ ಪುರುಷರನ್ನೇ ಆಧರಿಸಿದ್ದುದರಿಂದ, ಹೃದಯಾಘಾತ ಗಂಡಸರ ಕಾಯಿಲೆ ಎಂಬ ತಪ್ಪು ಕಲ್ಪನೆಯೂ ಬಹುಕಾಲ ಉಳಿಯಿತು.

ಐಸೆನ್‌ಹೋವರ್ ಅವರ ಪ್ರಕರಣದಲ್ಲಿಯೂ ಪ್ರಶ್ನೆಗಳು ಎದ್ದಿವೆ. ಅಧ್ಯಕ್ಷರ ಕಾಯಿಲೆಯ ಕುರಿತು 1997ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ ಕ್ಲಾರೆನ್ಸ್ ಲ್ಯಾಸ್ಬಿ, ಮೊದಲ ಗಂಟೆಗಳಲ್ಲಿ ಸ್ನೈಡರ್ ಅವರು ರೋಗವನ್ನು ಸರಿಯಾಗಿ ಗುರುತಿಸಿರಲಿಲ್ಲವೆಂದು ವಾದಿಸಿದ್ದಾರೆ. ವೈಟ್ ಅವರಿಗೆ ಅಧ್ಯಕ್ಷರ ಎರಡನೆಯ ಅವಧಿಯ ಬಗ್ಗೆ ಖಾಸಗಿಯಾಗಿ ಹಿಂಜರಿಕೆ ಇತ್ತೆಂಬುದೂ ತಿಳಿದುಬಂದಿದೆ. ರೋಗಿಯ ಹಿತ, ರಾಜಕೀಯ ಮತ್ತು ಜನರ ತಿಳಿಯುವ ಹಕ್ಕು ಒಂದೆಡೆ ಸೇರಿದಾಗ ವೈದ್ಯರು ಎಷ್ಟು ಹೇಳಬೇಕು ಎಂಬ ಚರ್ಚೆಗೆ ಈ ಪ್ರಕರಣ ಇಂದಿಗೂ ಉದಾಹರಣೆಯಾಗಿದೆ.

ಅಂತರರಾಷ್ಟ್ರೀಯ ಕಾರ್ಯ ಮತ್ತು ಭಾರತ

ಅಂತರರಾಷ್ಟ್ರೀಯ ಹೃದ್ರೋಗ ತಜ್ಞರ ಸಂಘಟನೆಯನ್ನು ಕಟ್ಟುವಲ್ಲಿ ವೈಟ್ ಮುಂಚೂಣಿಯಲ್ಲಿದ್ದರು. ಮೊದಲ ವಿಶ್ವ ಹೃದ್ರೋಗ ಸಮ್ಮೇಳನ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಒಕ್ಕೂಟದ ವೈದ್ಯರೊಂದಿಗೆ ಸಂಪರ್ಕ ಬೆಳೆಸಿದ ಅವರು, 1971ರಲ್ಲಿ ಚೀನಾಕ್ಕೆ ಭೇಟಿ ನೀಡಿದ ಅಮೆರಿಕನ್ ವೈದ್ಯರ ಮೊದಲ ತಂಡದಲ್ಲಿಯೂ ಇದ್ದರು.

ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎಂದು ಹೆಸರಾದ ಎಸ್. ಪದ್ಮಾವತಿ (1917–2020) ಅವರು 1950ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನಲ್ಲಿ ವೈಟ್ ಅವರ ಬಳಿ ತರಬೇತಿ ಪಡೆದರು. ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಕಾರ್ಯನಿರ್ವಹಿಸಿದ ಅವರು, 1962ರಲ್ಲಿ ಅಖಿಲ ಭಾರತ ಹಾರ್ಟ್ ಫೌಂಡೇಶನ್ ಸ್ಥಾಪಿಸಿದರು. 1966ರಲ್ಲಿ ವಿಶ್ವ ಹೃದ್ರೋಗ ಸಮ್ಮೇಳನ ನವದೆಹಲಿಯಲ್ಲಿ ಜರುಗಿತು.

ಗೌರವ ಮತ್ತು ನಿಧನ

ವೈಟ್ ಅವರಿಗೆ 1953ರಲ್ಲಿ ಲ್ಯಾಸ್ಕರ್ ಪ್ರಶಸ್ತಿಯೂ 1964ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವೂ ದೊರೆತವು. ಅವರ ಆತ್ಮಕಥೆ 1971ರಲ್ಲಿ ಪ್ರಕಟವಾಯಿತು. 1973ರ ಅಕ್ಟೋಬರ್ 31ರಂದು, 87ನೆಯ ವಯಸ್ಸಿನಲ್ಲಿ, ಬಾಸ್ಟನ್ನಿನಲ್ಲಿ ಅವರು ನಿಧನರಾದರು. ಬಾಸ್ಟನ್ನಿನ ಚಾರ್ಲ್ಸ್ ನದಿಯ ದಂಡೆಯ ಬೈಸಿಕಲ್ ಪಥಕ್ಕೆ ಅವರ ಹೆಸರಿಡಲಾಗಿದೆ. 1986ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ 3 ಸೆಂಟ್‌ಗಳ ಅಂಚೆಚೀಟಿಯನ್ನು ಹೊರತಂದಿತು.

ಪ್ರಸ್ತುತತೆ

ವೈಟ್ ಅವರ ಕಾಲದಿಂದ ಈಚೆಗೆ ಪರಿಧಮನಿ ಕಾಯಿಲೆಯ ಚಿಕಿತ್ಸೆ ಬಹಳವಾಗಿ ಬದಲಾಗಿದೆ. 1960ರ ದಶಕದಲ್ಲಿ ಹೃದ್ರೋಗ ತೀವ್ರ ನಿಗಾ ಘಟಕಗಳು ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆ ಬಂದವು. ಬಲೂನಿನ ಮೂಲಕ ನಾಳವನ್ನು ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯನ್ನು ಮನುಷ್ಯರ ಪರಿಧಮನಿಯಲ್ಲಿ ಮೊದಲ ಬಾರಿಗೆ 1977ರಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ನಡೆಸಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು, ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳು ಈಗ ಸಾಮಾನ್ಯ ಬಳಕೆಯಲ್ಲಿವೆ. ಆರು ವಾರಗಳ ಹಾಸಿಗೆ ವಾಸ ಮರೆಯಾಗಿ, ತೊಡಕಿಲ್ಲದ ರೋಗಿಗಳು ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಈ ಚಿಕಿತ್ಸೆಗಳೆಲ್ಲ ರೋಗಿ ಬೇಗ ಆಸ್ಪತ್ರೆ ತಲುಪುವುದನ್ನು ಅವಲಂಬಿಸಿವೆ. ಎದೆಯ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಇವನ್ನು ಗ್ಯಾಸ್ ಅಥವಾ ಅಜೀರ್ಣವೆಂದು ಭಾವಿಸಿ ತಡಮಾಡುವುದು ಇಂದಿಗೂ ಸಾವಿಗೆ ಒಂದು ಮುಖ್ಯ ಕಾರಣ.

ಕರ್ನಾಟಕದಲ್ಲಿ 1972ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾಗಿ, ಮುಂದೆ ಬನ್ನೇರುಘಟ್ಟ ರಸ್ತೆಗೆ ಸ್ಥಳಾಂತರಗೊಂಡ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು, ಮೈಸೂರು ಮತ್ತು ಕಲಬುರಗಿಯಲ್ಲಿಯೂ ಶಾಖೆಗಳನ್ನು ಹೊಂದಿದೆ. 40 ವರ್ಷದೊಳಗಿನ ಪರಿಧಮನಿ ರೋಗಿಗಳನ್ನು ಕುರಿತು ಈ ಸಂಸ್ಥೆ ಪ್ರತ್ಯೇಕ ಅಧ್ಯಯನ ನಡೆಸಿದೆ. ಗರ್ಟ್ಲರ್ ಮತ್ತು ವೈಟ್ 1954ರಲ್ಲಿ ಎತ್ತಿಕೊಂಡದ್ದೂ ಇದೇ ವಯೋಮಾನದ ಪ್ರಶ್ನೆಯನ್ನು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಿಧನರಾದ ಬಳಿಕ ರಾಜ್ಯದಲ್ಲಿ ಹೃದಯದ ಆರೋಗ್ಯದ ಬಗ್ಗೆ ಜನಜಾಗೃತಿ ಹೆಚ್ಚಿತು. ರಾಜ್ಯ ಸರ್ಕಾರ 2023ರಲ್ಲಿ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಹೃದ್ರೋಗ ಆಸ್ಪತ್ರೆಗಳ ತಜ್ಞರ ಸಲಹೆ ಪಡೆದು, ಹೃದಯಾಘಾತವೆಂದು ತಿಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. 1914ರಲ್ಲಿ ಬಾಸ್ಟನ್ನಿನ ನೆಲಮಾಳಿಗೆಯೊಂದರಲ್ಲಿ ವೈಟ್ ಆರಂಭಿಸಿದ್ದು ಇದೇ ಇಸಿಜಿ ಪರೀಕ್ಷೆಯನ್ನು.